ಅತ್ತೆ ಮತ್ತೆ ಸಾಲಿಗೆ ಹೋದರು

ನನ್ನ ಸೋದರತ್ತೆಗೆ ಎಂಬತ್ತು ದಾಟಿದೆ. ಹೋದ ವಾರ ಭಾಲ್ಕಿಯಿಂದ ಬೀದರಿನ ನಮ್ಮ ಮನೆಗೆ ಬಂದವರು, ಚಪ್ಪಲಿ ಬಿಡುವ ಮೊದಲೇ ಅರ್ಜಿ ಹಾಕಿದರು.

“ನನಗ ಒಂದ್ ದಿನ ಸಾಲಿಗಿ ಕರ್ಕೊಂಡ್ ಹೋಗು.”

ಗುಡಿಗೆ ಅಂದಿದ್ದರೆ ಹೂಂ ಅನ್ನಬಹುದಿತ್ತು. ಡಾಕ್ಟರ್ ಹತ್ತಿರ ಅಂದಿದ್ದರೆ ಆಟೊ ಕರೆಯಬಹುದಿತ್ತು. ಸಾಲಿಗೆ? ಯಾವ ಕ್ಲಾಸಿಗೆ ಅಡ್ಮಿಷನ್ ಮಾಡಿಸೋಣ?

ತಪ್ಪು ನನ್ನ ಮೊಮ್ಮಗಳದು. ತನ್ನ ಶಾಲೆಯಲ್ಲಿ ವ್ಯಾಕರಣವನ್ನು ‘ಆ್ಯಕ್ಟಿವಿಟಿ’ ಮಾಡಿ ಕಲಿಸುತ್ತಾರೆಂದು ಅತ್ತೆಯ ಮುಂದೆ ಫೋನಿನಲ್ಲಿ ಕೊಚ್ಚಿಕೊಂಡಿದ್ದಳು. ಅಂದಿನಿಂದ ಅತ್ತೆಗೆ ನಿದ್ದೆಯಿಲ್ಲ. “ನಮ್ ಮಾಸ್ತರ್ ಭೀ ಹಂಗೇ ಕಲಸ್ತಿದ್ರಲ್ಲೋ!”

ಅದು ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಹೊಸತು. ಅವರ ತವರು ಔರಾದದಲ್ಲಿ ಅಲ್ಲಿತನಕ ಶಾಲೆ ಎಂದರೆ ಉರ್ದು. (ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಏಟಿಗೆ ಮಾತ್ರ ಯಾವ ಭಾಷೆಯೂ ಬೇಕಿರಲಿಲ್ಲ.) ಆಮೇಲೆ ಕನ್ನಡ ಸಾಲಿ ಬಂತು, ಪುಸ್ತಕ ಬರಲಿಲ್ಲ. ಮಾಸ್ತರರು ಮಕ್ಕಳಿಂದ ಮನೆಯ ಸಾಮಾನು ತರಿಸತೊಡಗಿದರು. ಮೊರ ಬಂದರೆ ನಾಮಪದ. ಅದರಲ್ಲಿ ಜೋಳ ಕೇರಿದರೆ ಕ್ರಿಯಾಪದ.

ಒಂದು ದಿನ ಅತ್ತೆ ಬೀಸುಕಲ್ಲಿನ ಗೂಟ ಕಿತ್ತುಕೊಂಡು ಹೋದರು. ಗೂಟವಿಲ್ಲದೆ ಕಲ್ಲು ತಿರುಗೀತೇ? ಹಿಟ್ಟಿಲ್ಲ, ರೊಟ್ಟಿಯಿಲ್ಲ. ಹೊಲದಿಂದ ಹಸಿದು ಬಂದ ಅವರಪ್ಪ, ಅಂದರೆ ನನ್ನಜ್ಜ, ತೀರ್ಪು ಕೊಟ್ಟೇಬಿಟ್ಟರು. “ಸಾಲಿ ಸಾಕು. ಮನ್ಯಾಗ ಕುಂತು ಬೀಸು.” ಸಂಜೆ ಮಾಸ್ತರರೇ ಗೂಟ ಹಿಡಿದು ಬಂದು ಕೈಮುಗಿದರಂತೆ. ಅಜ್ಜ ಗೂಟ ಇಸಕೊಂಡರು, ಮಗಳನ್ನು ಕಳಿಸಲಿಲ್ಲ.

ಮುಂದೆ ಭಾಲ್ಕಿ, ಗಂಡ, ಮಕ್ಕಳು. ಸಾಲಿಯ ಆಸೆ ಹಾಗೇ ಉಳಿಯಿತು.

ಮೊಮ್ಮಗಳ ಶಾಲೆಗೇ ಕರೆದುಕೊಂಡು ಹೋದೆ. ಟೀಚರ್ ಒಳ್ಳೆಯ ಹೆಣ್ಣುಮಗಳು, ಮುಂದಿನ ಬೆಂಚಿನಲ್ಲೇ ಕೂರಿಸಿದರು. ಎಲ್ಲರಿಗೂ ಚಿತ್ರದ ಕಾರ್ಡು ಹಂಚಿದರು. ಅತ್ತೆಯ ಪಾಲಿಗೆ ಕಸಬರಿಗೆ ಬಂತು. ಎದ್ದು ನಿಂತು, “ನಾಮಪದ ರೀ!” ಎಂದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಕಾರ್ಡಿನಿಂದಲೇ ನೆಲ ಗುಡಿಸಿ, “ಇದು ಕ್ರಿಯಾಪದ!” ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಅತ್ತೆಯ ಮುಖದಲ್ಲಿ ಏನು ಖುಷಿ! ಇಷ್ಟು ಸಣ್ಣ ಆಸೆ ತೀರಲು ಒಂದು ಇಡೀ ಆಯುಷ್ಯ ಬೇಕಿತ್ತೇ?

ಗಂಟೆ ಹೊಡೆಯಿತು. ಅತ್ತೆ ಏಳಲಿಲ್ಲ.

“ಅಕ್ಕೋರ, ನಾಳಿಗಿ ಏನ್ ತರ್ಬೇಕ್ರಿ?”

“ಏನೂ ತರೂದು ಬ್ಯಾಡ್ರಿ ಅಜ್ಜಿ, ಎಲ್ಲಾ ಕಾರ್ಡಿನ್ಯಾಗೇ ಅದ,” ಎಂದರು ಟೀಚರ್, ಪ್ರೀತಿಯಿಂದಲೇ. (ಅವರದೇನು ತಪ್ಪು? ಈಗ ಯಾವ ಮನೆಯಿಂದ ಬೀಸುಕಲ್ಲಿನ ಗೂಟ ತರಿಸುವುದು? ನಮ್ಮ ಮನೆಯಲ್ಲಿರುವುದೂ ಮಿಕ್ಸರೇ.)

ಆಟೊದಲ್ಲಿ ವಾಪಸು ಹೊರಟೆವು. ಮನೆ ಮುಂದೆ ಇಳಿದ ಮೇಲೆ ಅತ್ತೆ ನನ್ನ ಕೈ ಹಿಡಿದು ಕೇಳಿದರು:

“ಏನೂ ತರಬ್ಯಾಡ ಅಂದ್ರ, ಬರಬ್ಯಾಡ ಅಂದಂಗ ಅಲ್ಲೇನೋ?”