ಸಣ್ಣ ಸೂಪರ್‌ಚಾರ್ಜರೋ, ದೊಡ್ಡದೋ

ಎಳೆತ ಹೆಚ್ಚಲೆಂದು ಕಾರಿಗೆ ಸೂಪರ್‌ಚಾರ್ಜರ್ ಕೂರಿಸುವ ಮಾತೆತ್ತಿದವನು ನನ್ನಣ್ಣ. ಯಾವ ಸೈಜಿನದು ಬೇಕೆಂದು ನೀನೇ ಹೇಳು ಎಂದವನೂ ಅವನೇ. ಆ ಒಂದು ಮಾತಿಗೆ ನಾನು ಮೂರು ವಾರ ತಲೆ ಕೆಡಿಸಿಕೊಂಡು ಓಡಾಡಿದೆ. ನನ್ನ ಹೆಂಡತಿ ಈಗಲೂ ಅದನ್ನು ನೆನೆಸಿಕೊಂಡು ನಗುತ್ತಾಳೆ. ನಗುವವರಿಗೇನು, ಆರಿಸಬೇಕಾದವನು ನಾನಲ್ಲವೇ.

ಕಾರು ಯಾರದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಬಾಗಲಗುಂಟೆ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲೇ ಇರುವ ಮನೆತನ ನಮ್ಮದು. ಅಪ್ಪ ತೀರಿಕೊಂಡ ಮರುವರ್ಷ ಅಣ್ಣ, ನಾನು ಪಾಲಾದೆವು. ಪಾಲಿಗೆ ನಮ್ಮಲ್ಲೊಂದು ಪದ್ಧತಿ ಇದೆ. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ತನಗೆ ಯಾವುದು ಉಳಿಯುತ್ತದೋ ಗೊತ್ತಿಲ್ಲದ ಕಾರಣ ಹಿರಿಯ ಮೋಸ ಮಾಡಲಾರ. ಪಾಲು ಮಾಡಿದ ಮೇಲೆ ತನಗೆ ಇಂಥದ್ದೇ ಬೇಕೆಂದು ಬಾಯಿ ಬಿಡುವಂತೆಯೂ ಇಲ್ಲ. ಇದ್ದ ಜಾಗವನ್ನು ಅಣ್ಣ ಮುಂದಿನದು, ಹಿಂದಿನದು ಎಂದು ಎರಡು ಮಾಡಿ, "ನಾನ್ ಮಾಡಿವ್ನಿ, ನೀನ್ ಆರ್ಸು" ಎಂದ. ನಾನು ರಸ್ತೆ ಕಡೆಯ ಮುಂದಿನ ಮನೆ ತೋರಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಹಿಂದಿನ ಹಳೇ ಮನೆ ಅವನಿಗೆ ಹೋಯಿತು, ನಡುವೆ ಗೋಡೆ ಎದ್ದಿತು.

ಪಾಲಾಗದೆ ಉಳಿದದ್ದು ಕಾರೊಂದೇ. ಇಬ್ಬರೂ ಸೇರಿ ಆಸೆಪಟ್ಟು ತಂದಿದ್ದ, ಎರಡು ಲೀಟರ್ ಪೆಟ್ರೋಲ್ ಇಂಜಿನ್ನಿನ, ಓಟಕ್ಕೆಂದೇ ಮಾಡಿದ ಸೆಡಾನ್ ಅದು. ಶೋಕಿಗೆ ಮುಚ್ಚಿಟ್ಟ ಗಾಡಿಯಲ್ಲ, ದಿನಾ ಓಡುವ ಗಾಡಿ. ಒಂದು ವಾರ ಅವನಿಗೆ, ಒಂದು ವಾರ ನನಗೆ. ಅವನದು ಯಶವಂತಪುರ ಮಾರುಕಟ್ಟೆಯಲ್ಲಿ ಈರುಳ್ಳಿ ಮಂಡಿ. ಬೆಳಗಿನ ಐದಕ್ಕೆಲ್ಲ ಖಾಲಿ ತುಮಕೂರು ರಸ್ತೆಯಲ್ಲಿ ಹೋಗುತ್ತಾನೆ. ನನ್ನದು ಹೆಬ್ಬಾಳದಲ್ಲಿ ಆಫೀಸು. ಒಂಬತ್ತು ಗಂಟೆಗೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡರೆ ಹೆಬ್ಬಾಳದ ಮೇಲ್ಸೇತುವೆಯತನಕ ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೇ ಗೇರು.

ಪ್ರತಿ ಭಾನುವಾರ ಸಂಜೆ ಬೀಗದ ಕೈ ಕೈ ಬದಲಾಯಿಸುತ್ತದೆ. ಆಗ ಅಣ್ಣ ನಮ್ಮ ಮನೆಗೆ ಬಂದು ಕಾಫಿ ಕುಡಿದು, ಕ್ಲಚ್ಚು, ಟೈರು, ಆಯಿಲ್ಲು ಎಂದು ಒಂದು ಗಂಟೆ ಮಾತಾಡಿ ಹೋಗುತ್ತಾನೆ. ಬೇರೆ ದಿನ ನಮ್ಮಿಬ್ಬರ ನಡುವೆ ಮಾತಿಲ್ಲ. ಜಗಳವೇನೂ ಆಗಿರಲಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರಲ್ಲ, ಅದು ಜಗಳವಿಲ್ಲದೆಯೂ ಆಗುತ್ತದೆ. ಆ ಭಾನುವಾರದ ಒಂದು ಗಂಟೆ ತಪ್ಪಿದರೆ ಅಣ್ಣ ನನಗೆ ಗೋಡೆಯಾಚೆಯ ಕೆಮ್ಮಿನ ಸದ್ದಾಗಿ ಮಾತ್ರ ಉಳಿಯುತ್ತಾನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಂಥ ಒಂದು ಭಾನುವಾರ ಅವನು ಕಾಫಿ ಲೋಟ ಕೆಳಗಿಟ್ಟು, "ಗಾಡಿಗೆ ವಯಸ್ಸಾಯ್ತು ಕಣೋ. ಮೊನ್ನೆ ಫ್ಲೈಓವರ್ ಮ್ಯಾಲೆ ಯಾವನೋ ತರಕಾರಿ ತುಂಬ್ಕೊಂಡಿರೋನು ಸೈಡ್ ಒಡ್ಕೊಂಡ್ ಓದ. ಸೂಪರ್‌ಚಾರ್ಜರ್ ಆಕ್ಸನ. ಎರಡು ಸೈಜ್ ತರ್ಸೀವ್ನಿ. ನೀನ್ ಆರ್ಸು" ಎಂದ.

ಕೊನೆಯ ಎರಡು ಪದ ನಾನು ಮೊದಲೇ ಕೇಳಿದ್ದೆ. ಅದು ಪಾಲಿನ ದಿನದ ಮಾತು.

ಮರುದಿನ ಹೆಸರಘಟ್ಟ ರಸ್ತೆಯ ಪಕ್ಕದ ಶೆಡ್ಡಿಗೆ ಹೋದೆ. ನಮ್ಮ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ಕು ಎರಡು ಪೆಟ್ಟಿಗೆ ಬಿಚ್ಚಿ ಬೆಂಚಿನ ಮೇಲಿಟ್ಟಿದ್ದ. ಒಂದು ಸಣ್ಣದು, ಒಂದು ದೊಡ್ಡದು, ಎರಡೂ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿದ್ದವು. ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತಾ ಇಂಜಿನ್ನಿನೊಳಕ್ಕೆ ಗಾಳಿ ತುರುಕುವ ಯಂತ್ರ ಅದು. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕ ಪೆಟ್ರೋಲು, ಪೆಟ್ರೋಲಿಗೆ ತಕ್ಕ ಎಳೆತ. ಇಷ್ಟು ನನಗೂ ಅರ್ಥವಾಯಿತು. ಆಮೇಲಿನದ್ದು ಆಗಲಿಲ್ಲ.

"ಸಣ್ಣದು ಎರಡು ಸಾವಿರ ಆರ್‌ಪಿಎಮ್ಮಿಂದ್ಲೇ, ಅಂದ್ರೆ ಇಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗ್ತಿದ್ದಂಗೇ, ತಳ್ಳೋಕೆ ಶುರು ಮಾಡುತ್ತೆ ಸಾರ್, ಸಿಗ್ನಲ್ ಬಿಟ್ಟ ತಕ್ಷಣ ಸಿಗುತ್ತೆ," ಎಂದ ಅವನು. "ಆದ್ರೆ ಐದೂವರೆ ಸಾವಿರ ದಾಟಿದ್ರೆ ಅದಕ್ಕೆ ಉಸಿರು ಸಾಲಲ್ಲ, ಗಾಳೀನ ಬರೀ ಬಿಸಿ ಮಾಡುತ್ತೆ. ದೊಡ್ಡದು ನಾಲ್ಕು ಸಾವಿರದ ತನಕ ಮಲಗಿರುತ್ತೆ. ಎದ್ದ ಮೇಲೆ ಮಾತ್ರ ಹಿಡಿಯೋಕಾಗಲ್ಲ."

"ಹಾಗಾದ್ರೆ ದಿನಾ ಓಡಿಸೋ ಗಾಡಿಗೆ ಸಣ್ಣದು ತಾನೇ?"

"ಹಂಗೂ ಹೇಳೋಕಾಗಲ್ಲ. ಸಣ್ಣದಕ್ಕೆ ಬೇರೆ ಪುಲ್ಲಿ ಹಾಕಿ ಜೋರಾಗಿ ತಿರುಗಿಸ್ಬಹುದು. ಆಗ ಬಿಸಿ ಇನ್ನೂ ಜಾಸ್ತಿ. ದೊಡ್ಡದನ್ನ ಮೆತ್ತಗೆ ತಿರುಗಿಸ್ಬಹುದು. ಆಗ ಕೆಳಗಡೆ ಏನೂ ಇರಲ್ಲ. ಯಾರು ಓಡಿಸ್ತಾರೆ, ಎಲ್ಲಿ ಓಡಿಸ್ತಾರೆ ಅನ್ನೋದರ ಮೇಲೆ ಹೋಗುತ್ತೆ ಸಾರ್."

ಯಾರು ಓಡಿಸುತ್ತಾರೆ! ಅಲ್ಲೇ ಇದ್ದದ್ದು ತೊಡಕು. ಸಣ್ಣದೆಂದರೆ ಕಾರು ನನ್ನ ದಾರಿಗೆ, ಸಿಗ್ನಲ್ಲಿಗೆ, ಹೆಬ್ಬಾಳಕ್ಕೆ. ದೊಡ್ಡದೆಂದರೆ ಬೆಳಗಿನ ಖಾಲಿ ತುಮಕೂರು ರಸ್ತೆಗೆ, ಅಣ್ಣನಿಗೆ. ನಾನು ಸಣ್ಣದು ಎಂದರೆ ಅಣ್ಣ ಮರುಮಾತಾಡದೆ ಒಪ್ಪಿ, ಸ್ವಲ್ಪ ದಿನ ಬಿಟ್ಟು ತನಗೊಂದು ಬೇರೆ ಗಾಡಿ ತಂದುಕೊಳ್ಳುತ್ತಾನೆ. ದೊಡ್ಡದು ಎಂದರೆ ತಮ್ಮ ತನಗೆ ಬಿಟ್ಟುಕೊಟ್ಟ ಎಂದು ಮುಖ ಸಣ್ಣಗೆ ಮಾಡಿಕೊಳ್ಳುತ್ತಾನೆ, ಆಮೇಲೂ ಬೇರೆ ಗಾಡಿಯೇ. ಅತ್ತ ದರಿ, ಇತ್ತ ಪುಲಿ. ನಿನಗೆ ಯಾವುದಣ್ಣ ಬೇಕು ಎಂದು ಫೋನಿನಲ್ಲಿ ಕೇಳಿಯೂ ಬಿಟ್ಟೆ.

"ಪಾಲ್ ಮಾಡ್ದೋನ್ನ ಕೇಳ್ತಾರೇನೋ?" ಎಂದು ಇಟ್ಟುಬಿಟ್ಟ.

ಮನೆಯಲ್ಲಿ ಕೂತು ವಿಡಿಯೋ ನೋಡಿದೆ. ಒಬ್ಬ ಯಾವಾಗಲೂ ದೊಡ್ಡದು ತಗೊಳ್ಳಿ, ಮುಂದೆ ಪಶ್ಚಾತ್ತಾಪವಿರಲ್ಲ ಎಂದ. ಇನ್ನೊಬ್ಬ ದೊಡ್ಡದು ತಗೊಂಡು ಪಶ್ಚಾತ್ತಾಪ ಪಡುತ್ತಿದ್ದ. ಮೂರನೆಯವನು ಕಾಗದದ ಮೇಲೆ ಗೆರೆ ಎಳೆದು, ನಿಮ್ಮ ಇಂಜಿನ್ನು ನಿಮಿಷಕ್ಕೆ ಎಷ್ಟು ಗಾಳಿ ಕುಡಿಯುತ್ತದೆಂದು ಲೆಕ್ಕ ಹಾಕಿ ಎಂದ. ಹಾಕಿದೆ. ಎರಡು ಸಲ ಎರಡು ಉತ್ತರ ಬಂತು. ಆರ್‌ಟಿಓದವರು ಇದಕ್ಕೆ ಏನೆನ್ನುತ್ತಾರೆ ಎಂದು ಆಫೀಸಿನಲ್ಲೊಬ್ಬರು ಕೇಳಿದಾಗ ಅವರ ಮೇಲೇ ರೇಗಿದೆ. ಅದು ನ್ಯಾಯವಾದ ಪ್ರಶ್ನೆ. ನನ್ನ ತಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹೆಂಡತಿ ಇದೆಲ್ಲವನ್ನೂ ನೋಡುತ್ತಿದ್ದವಳು ಕೊನೆಗೆ, "ನೀವು ಹೆಬ್ಬಾಳದ ಜಾಮಲ್ಲಿ ನಿಂತಿರೋದೇ ಮುಕ್ಕಾಲು ಗಂಟೆ. ನಿಂತ್ಕೊಳ್ಳೋಕೆ ಯಾವ ಸೈಜ್ ಬೇಕ್ರೀ?" ಎಂದಳು.

ಅವಳ ಕುಹಕದಿಂದಲೇ ಒಂದು ದಾರಿ ಹೊಳೆಯಿತು. ಗಾಡಿ ನಿಜವಾಗಿ ಹೇಗೆ ಓಡುತ್ತದೋ ಅಳೆದುಬಿಟ್ಟರೆ ಆರಿಸುವವನು ನಾನಾಗುವುದಿಲ್ಲ, ಅಳತೆ ಆರಿಸುತ್ತದೆ. ಮೆಕ್ಯಾನಿಕ್ಕು ಸ್ಟೀರಿಂಗಿನ ಕೆಳಗೆ ಬೆಂಕಿಪೊಟ್ಟಣದಷ್ಟಿದ್ದ ಒಂದು ಡಬ್ಬಿ ಸಿಕ್ಕಿಸಿಕೊಟ್ಟ. ಇಂಜಿನ್ನಿನ ವೇಗವನ್ನೆಲ್ಲ ಅದು ಬರೆದಿಡುತ್ತದೆ. ಅಣ್ಣನಿಗೂ ಹೇಳಿದೆ. "ಸಿಕ್ಸು, ನಂಗೇನು" ಎಂದ. ಅವನ ಒಂದು ವಾರ, ನನ್ನ ಒಂದು ವಾರ ಓಡಿಸಿದೆವು. ಶನಿವಾರ ಮಧ್ಯಾಹ್ನ ಶೆಡ್ಡಿಗೆ ಹೋದೆ.

ಮೆಕ್ಯಾನಿಕ್ಕು ಲ್ಯಾಪ್‌ಟಾಪು ನೋಡಿ ತಲೆ ಕೆರೆದುಕೊಂಡ. "ಸಾರ್, ಮೊದಲನೇ ವಾರ ಯಾರು ಓಡಿಸಿದ್ದು?"

"ಅಣ್ಣ."

"ಅವರು ಒಂದ್ಸಲಾನೂ ಮೂರು ಸಾವಿರ ದಾಟಿಲ್ಲ. ಎರಡನೇ ವಾರ ನೀವು. ನೀವು ಹನ್ನೊಂದು ಸಲ ಐದು ಸಾವಿರ ದಾಟಿದೀರ."

ಎಲ್ಲಿ ಎಂದು ನನಗೆ ಗೊತ್ತಿತ್ತು. ಸಂಜೆ ಹೆಬ್ಬಾಳದ ಜಾಮು ಬಿಟ್ಟುಕೊಂಡ ಕೂಡಲೇ ಮುಕ್ಕಾಲು ಗಂಟೆಯ ಸಿಟ್ಟನ್ನೆಲ್ಲ ನಾನು ಕಾಲಿನಲ್ಲಿ ಇಳಿಸುತ್ತೇನೆ. ಅಂದರೆ ಲೆಕ್ಕದ ಪ್ರಕಾರ ದೊಡ್ಡದು ಬೇಕಾದವನು ಜಾಮಿನಲ್ಲಿ ನಿಲ್ಲುವ ನಾನು, ಸಣ್ಣದು ಸಾಕಾದವನು ಖಾಲಿ ರಸ್ತೆಯ ಅಣ್ಣ. ಅಳತೆ ಮಾಡಿ ಇದ್ದ ಬುದ್ಧಿಯನ್ನೂ ಕಳೆದುಕೊಂಡೆ.

"ಸಿಟ್ಟಲ್ಲಿ ಓಡಿಸೋರಿಗೆ ಯಾವ ಸೈಜ್ ಅಂತ ಚಾರ್ಟ್ ಇಲ್ಲ ಸಾರ್," ಎಂದ ಮೆಕ್ಯಾನಿಕ್ಕು. "ಸೋಮವಾರ ಹೇಳಿಬಿಡಿ. ಬೇಡದೇ ಇರೋದನ್ನ ವಾಪಸ್ ಕಳಿಸ್ಬೇಕು."

ನನಗೆ ಬಿಡಿಸಲಾಗದ್ದು ಒಂದೇ. ಸೈಡು ಹೊಡೆಸಿಕೊಂಡದ್ದಕ್ಕೆ ನೊಂದುಕೊಂಡವನು, ಎದುರಿಗೆ ಒಂದು ನರಪಿಳ್ಳೆಯೂ ಇಲ್ಲದ ರಸ್ತೆಯಲ್ಲಿ ಯಾಕೆ ಹೀಗೆ ಓಡಿಸುತ್ತಾನೆ? ಕಣ್ಣಿಗೇನಾದರೂ ಆಗಿದೆಯೇ, ಮೈಯಲ್ಲಿ ಸರಿಯಿಲ್ಲವೇ ಎಂದು ಹೆದರಿಕೆಯೂ ಆಯಿತು. ಭಾನುವಾರ ಸಂಜೆ ಅವನು ಬಂದು ಪೋರ್ಟಿಕೋದ ಕುರ್ಚಿಯಲ್ಲಿ ಕೂತಾಗ ಕಾಫಿಗೂ ಕಾಯದೆ ಕೇಳಿಬಿಟ್ಟೆ.

"ಅಣ್ಣ, ಅಷ್ಟು ಖಾಲಿ ರಸ್ತೇಲಿ ಮೂರು ಸಾವಿರಾನೂ ದಾಟಲ್ವಲ್ಲ ನೀನು. ಯಾಕೆ?"

ಅವನು ಕಾರಿನ ಕಡೆ ನೋಡಿದ. "ಇಬ್ರುದಲ್ವೇನೋ ಗಾಡಿ. ನನ್ ವಾರದಾಗೆ ಏನಾರಾ ಆಗೋದ್ರೆ ನಿಂಗೆ ಏನಂತ ಏಳ್ಲಿ?"

"ಮತ್ತೆ ಸೂಪರ್‌ಚಾರ್ಜರ್ ಯಾಕೆ ಬೇಕಿತ್ತು?"

"ನಿಂಗೆ ಆಸೆ ಐತೆ ಅಂದ್ಕೊಂಡೆ. ನೀನ್ ಒತ್ತೋ ಒತ್ತಿಗೆ ಟೈರು ಎಂಗ್ ಸವ್ದವೆ ನೋಡಿಲ್ವಾ ನಾನು."

ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದಳು. ನನಗೆ ನಾಚಿಕೆಯಾಯಿತು. ಅವನ ವಾರಗಳಲ್ಲಿ ಗಾಡಿಯನ್ನು ಅವನು ನನ್ನದೆಂದು ಜೋಪಾನವಾಗಿ ಓಡಿಸುತ್ತಿದ್ದ. ನನ್ನ ವಾರಗಳಲ್ಲಿ ನಾನೂ ಅದನ್ನು ನನ್ನದೆಂದೇ ಓಡಿಸುತ್ತಿದ್ದೆ. ಮೂರು ವಾರ ನಾನು ತಿಣುಕಾಡಿದ ಪ್ರಶ್ನೆಗೆ ಅಲ್ಲಿಯವರೆಗೂ ಉತ್ತರ ಸಿಕ್ಕಿರಲಿಲ್ಲ, ಆಗಲೂ ಸಿಗಲಿಲ್ಲ. ಆದರೆ ಬಾಯಿಗೆ ಒಂದು ಮಾತು ಬಂತು.

"ನಾನು ಆರಿಸಲ್ಲ ಅಣ್ಣ. ಸಣ್ಣದೂ ಬೇಡ, ದೊಡ್ಡದೂ ಬೇಡ. ಒಂದು ಆರಿಸಿದ್ರೆ ಇದೂ ಪಾಲಾಗಿಹೋಗುತ್ತೆ. ಗಾಡಿ ಹೀಗೇ ಇರ್ಲಿ, ಇಬ್ಬರದೂ."

ಅವನು ಕಾಫಿ ಲೋಟ ಎತ್ತಿಕೊಂಡ. ಬೇಜಾರಾಯಿತೋ ಸಂತೋಷವಾಯಿತೋ ಮುಖದಲ್ಲಿ ಗೊತ್ತಾಗಲಿಲ್ಲ. ಕಾಫಿ ಆರಿಸಿಕೊಂಡು ಒಂದು ಗುಟುಕು ಕುಡಿದ.

"ಮನೆ ಪಾಲಿನ ದಿನಾನೂ ಇಂಗೇ ಅಂತೀಯ ಅಂದ್ಕೊಂಡಿದ್ದೆ ಕಣೋ," ಎಂದ. "ಆರ್ಸಲ್ಲ ಅಂತೀಯ ಅಂತ ಕಾಯ್ತಾ ಇದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ರೇಗಿ ಏನಾದರೂ ಹೇಳುತ್ತಿದ್ದೆನೇನೋ. ಅವನು ಕಾಫಿ ಪೂರ್ತಿ ಕುಡಿದು, ಬೀಗದ ಕೈ ತೆಗೆದುಕೊಂಡು, ಗೋಡೆ ಬಳಸಿಕೊಂಡು ಹಿಂದಿನ ಮನೆಗೆ ಹೋದ.