ತಪ್ಪು ಅಂಬಲಿಯದಲ್ಲ

ನಂಜಮ್ಮ, ನಿನ್ನ ಗಂಡನ ದವಡೆ ಊದಿ ಕೀವಾದದ್ದು ನೀನು ಕುಡಿಸಿದ ಅಂಬಲಿಯಿಂದಲ್ಲ. ನನ್ನಿಂದ. ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡು ನಿನ್ನ ಕೈಯ ಊಟ ಉಂಡಿದ್ದೇನೆ—ನಾಚಿಕೆಗೆಟ್ಟವನು ನಾನು.

ಬುದ್ಧಿಹಲ್ಲು ಕೀಳಿಸಲು ತಮ್ಮನನ್ನು ಕೊಳ್ಳೇಗಾಲದ ಡಾಕ್ಟರ ಬಳಿಗೆ ಕರೆದೊಯ್ದವನು ನಾನೇ. ಒಸಡು ಕೊಯ್ದು ತೆಗೆಯಬೇಕಾಯಿತು. ಅವನು ಹತ್ತಿ ಕಚ್ಚಿಕೊಂಡು ಹೊರಗೆ ಕುಳಿತಿದ್ದಾಗ ಡಾಕ್ಟರು ನನ್ನೊಬ್ಬನಿಗೇ ಹೇಳಿದರು: “ಇವತ್ತೆಲ್ಲ ಕೆನ್ನೆಗೆ ತಣ್ಣೀರು ಬಟ್ಟೆ ಇಡಿ. ನಾಲ್ಕು ದಿನ ಏನನ್ನೂ ಬಾಯಲ್ಲಿ ಹೀರಕೂಡದು. ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಕೆಡುತ್ತೆ.”

ತಣ್ಣೀರು ಬಟ್ಟೆಯ ಮಾತನ್ನು ನಿನಗೆ ಹೇಳಿದೆ. ಹೀರುವ ಮಾತನ್ನು ಹೇಳಲಿಲ್ಲ—ಬೇಕೆಂದೇ. ಅವನ ಮಗ್ಗದ ಮೇಲೆ ಯಳಂದೂರಿನ ಮದುವೆಗೆ ಆ ವಾರವೇ ಕೊಡಬೇಕಿದ್ದ ರೇಷ್ಮೆ ಸೀರೆ ಅರ್ಧಕ್ಕೆ ನಿಂತಿತ್ತು. ನಾನು ಕೂತು ನೇಯೋಣವೆಂದರೆ, ನಡುವೆ ಕೈ ಬದಲಾದದ್ದನ್ನು ಬಟ್ಟೆಯೇ ಹೇಳಿಬಿಡುತ್ತದೆ. ಮಾರನೆಯ ಬೆಳಿಗ್ಗೆಯೇ ಅವನನ್ನು ಮಗ್ಗಕ್ಕೆ ಕೂರಿಸಿದೆ. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದಾಗಲೆಲ್ಲ ನಾವು ಹೊಸದನ್ನು ಹಾಕಿ, ಲಾಳಿಯ ತೂತಿಗೆ ಬಾಯಿಟ್ಟು ಎಳೆಯನ್ನು ಹೀರಿ ಹೊರಗೆ ತರುತ್ತೇವೆ. ಪಕ್ಕದ ಮಗ್ಗದಲ್ಲಿ ಕೂತು ಅವನು ಹೀರುವ ಸದ್ದನ್ನು ಕೇಳುತ್ತಿದ್ದೆ. ನಾನೇ ಹೀರಿ ಕೊಡಬಹುದಿತ್ತು—ಏಕಣ್ಣಾ ಎಂದು ಕೇಳಿದರೆ? ಇನ್ನೊಂದು ಗೇಣು, ಇನ್ನೊಂದೇ ಗೇಣು ಎಂದುಕೊಂಡು...

ಮೂರನೆಯ ದಿನ ಸೀರೆ ಮಗ್ಗದಿಂದ ಇಳಿಯಿತು. ಅಷ್ಟರಲ್ಲಿ ಬಾವು ಕಣ್ಣಿನವರೆಗೆ ಏರಿ, ಬಾಯಿಗೆ ಕಿರುಬೆರಳೂ ತೂರದಂತಾಗಿತ್ತು. ಅವನು ಗೋಡೆಗೆ ಹಣೆ ಒತ್ತಿಕೊಂಡು ನರಳುತ್ತಿದ್ದ.

“ಬಿಸಿ ಅಂಬ್ಲಿ ಉಯ್ದು ನನ್ ಮಗನ್ ದವ್ಡೆ ಬೇಯಿಸ್ಬುಟ್ಲು ಕಣ್ಲಾ!” ಅವ್ವ ನನ್ನ ಕಡೆ ತಿರುಗಿ ಕೂಗಿದಳು.

“ಆರ್ಸೇ ಕೊಟ್ಟೆ ಕಣತ್ತೆ,” ಎಂದೆ ನೀನು. ಯಾರೂ ಕೇಳಲಿಲ್ಲ. ನಿನ್ನ ಗಂಡನೂ ಮುಖ ತಿರುಗಿಸಿದ. ನಾನು ತಲೆ ತಗ್ಗಿಸಿ ಲಾಳಿ ಒರೆಸುತ್ತ ಕೂತೆ. ಒಂದು ಮಾತು ಸಾಕಿತ್ತು. ಬಾಯಿ ಊದಿದ್ದು ನನ್ನದಲ್ಲವಲ್ಲ!

ಅವನು ಚೇತರಿಸಿಕೊಂಡ ಮೇಲೂ ಸಿಟ್ಟು ಇಳಿಯದೆ ಅವ್ವ ನಿನ್ನನ್ನು ಅಗರದ ತವರಿಗೆ ಅಟ್ಟಿದಳು. ಒಂದು ವರ್ಷ ನೀನು ಅಲ್ಲೇ ಇದ್ದೆ. ತಮ್ಮನ ಬಾಯಿ ಇಂದಿಗೂ ಪೂರ್ತಿ ತೆರೆಯುವುದಿಲ್ಲ. ನಾಳೆ ಅವನೆದುರಿಗೂ ಇದನ್ನು ಹೇಳುತ್ತೇನೆ. ಆಮೇಲೆ ನೀವಿಬ್ಬರೂ ಏನೆಂದರೂ ಸರಿಯೇ.

ಆದರೆ ತವರಿಗೆ ಹೊರಟ ದಿನ ನೀನು ಆಡಿದ ಮಾತು—ಅದನ್ನು ಎಲ್ಲಿಡಲಿ? ಗಾಡಿಯ ಬಳಿ ಕಣ್ಣೊರೆಸಿಕೊಂಡು, “ಮನೇಲಿ ನೀವೊಬ್ರೇ ಬಾವ, ನನ್ನ ಒಂದ್ ಮಾತೂ ಅನ್ದೆ ಇದ್ದೋರು,” ಎಂದು ನನ್ನ ಕಾಲು ಮುಟ್ಟಿದೆ.

ನಾನು ಆಶೀರ್ವಾದ ಮಾಡಿ ಗಾಡಿ ಹತ್ತಿಸಿದೆ.