ಪಾವಣ್ಯಾನ ಅಜ್ಜಿ

ಕಮಲಾಪುರದ ಇಂದೂಬಾಯಿಯಂಥ ಅಜ್ಜಿಯ ಕೈಗೆ ಏಳು ತಿಂಗಳಿಗೇ ಹುಟ್ಟಿದ ಕೂಸು ಸಿಕ್ಕರೆ ಮನೆಗೊಬ್ಬ ನಿಜಾಮ ಬಂದಂತೆಯೇ ಎಂದು ಸೊಸೆ ಮಂದಾಕಿನಿ ಹಲ್ಲು ಕಡಿಯುತ್ತಿದ್ದಳು. ಕಲಬುರಗಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಷ್ಟಿದ್ದ ಮೊಮ್ಮಗನನ್ನು ಕಂಡ ದಿನವೇ ಮುದುಕಿ, “ನಮ್ಮಾಂವ ಅಂದ್ರ ದೇವರು ಕಸಗೊಂಡಾನು, ಪಾವಣ್ಯಾ ಅನ್ರಿ” ಎಂದು ಅವನಿಗೆ ಮನೆಗೆ ಬಂದುಹೋಗುವ ನೆಂಟನ ಪಟ್ಟ ಕಟ್ಟಿದ್ದಳು. ಹುಡುಗ ಶಾಲೆಗೆ ಹೋಗುವಂತಾದರೂ ಆ ಪಟ್ಟ ಇಳಿಯಲಿಲ್ಲ. ಕುಕ್ಕರಿನ ಸೀಟಿಗೆ ಪಾವಣ್ಯಾ ಬೆಚ್ಚುತ್ತಾನೆಂದು ಮನೆಮಂದಿಯೆಲ್ಲ ಅರೆಬೆಂದ ತೊಗರಿಬೇಳೆ ತಿನ್ನಬೇಕು. ಗೊನೆಯ ಮೊದಲ ಕೆಂಪು ಬಾಳೆಹಣ್ಣು ಅವನಿಗೇ. ಅದನ್ನವನು ಗೋಡೆಗೆ ಬೀಸಿ ಒಗೆದರೆ ತಪ್ಪು ಗೋಡೆಯದು. ಪಕ್ಕದ ಮನೆಯ ಹುಡುಗಿಯ ಕೈ ಕಚ್ಚಿದರೆ, “ಅವಸರದಾಗ ಹುಟ್ಟ್ಯಾನವ್ವಾ, ಅವನ ಸಿಟ್ಟೂ ಅವಸರದ್ದೇ” ಎಂದು ಕಚ್ಚಿಸಿಕೊಂಡವಳಿಗೇ ಬುದ್ಧಿವಾದ. ತಾಯಿ ಕೈಯೆತ್ತಿದರಂತೂ ಮುಗಿಯಿತು: “ಪಾವಣ್ಯಾಗ ಯಾರರ ಹೊಡೀತಾರೇನ? ಸಿಟ್ಟಾಗಿ ಹೊಂಟ್ರ ನೀ ಹೊಳ್ಳಿ ಕರ್ಕೊಂಡ ಬರ್ತೀಯೇನ?” ಹೀಗೆ ಬೈಯಲಾಗದ, ಬಡಿಯಲಾಗದ ಆ ನೆಂಟ ಒಂದು ಸಂಜೆ ಕಾಸಿದ ಹಾಲನ್ನೆಲ್ಲ ಬೇಕೆಂದೇ ಉರುಳಿಸಿದಾಗ, ಮಂದಾಕಿನಿ ಅತ್ತೆಯ ಎದುರಿಗೇ ಅವನ ರಟ್ಟೆ ಹಿಡಿದು, “ಯಾಕೋ ಹಿಂಗ ಮಾಡ್ತಿ?” ಎಂದು ಅಬ್ಬರಿಸಿದಳು. ಇಂದೂಬಾಯಿ ಎಂದಿನಂತೆ ಬಾಳೆಹಣ್ಣು ಸುಲಿದುಕೊಂಡು ಧಾವಿಸಿ ಬಂದಳು. ಹುಡುಗ ಹಣ್ಣಿನ ಕಡೆ ನೋಡಲೇ ಇಲ್ಲ. “ಪಾವಣ್ಯಾರೆಲ್ಲಾ ತಮ್ಮ ಮನಿಗಿ ಹೋಗ್ತಾರಲ್ಲವ್ವಾ,” ಎಂದು ಬಿಕ್ಕುತ್ತಾ ತಾಯಿಯನ್ನು ಕೇಳಿದ, “ನಾ ಯಾವತ್ತ ಹೋಗಬೇಕು?”